ತುರಿಕೆಯೇ ಮೂಲ: ಒಂದು ಗಡ್ಡೆ ಮೀಮಾಂಸೆ

ನಮ್ಮ ಅಡುಗೆ ಬೆಳೆದದ್ದು ನಾಲಿಗೆಯ ಚಪಲದಿಂದ ಎಂಬುದು ಪೂರ್ವಪಕ್ಷ. ತುರಿಕೆಯಿಂದ ಎಂಬುದು ಪ್ರಸ್ತುತ ಸಿದ್ಧಾಂತ. ಸುವರ್ಣಗಡ್ಡೆ, ಕೆಸುವಿನ ಗಡ್ಡೆಗಳ ಒಡಲಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅವು ಚುಚ್ಚಿದರೆ ಕೈ ತುರಿಸುತ್ತದೆ, ಗಂಟಲು ಕೆರೆಯುತ್ತದೆ. ಹಾಗೆಂದು ನಮ್ಮ ಅಜ್ಜಿಯಂದಿರು ಗಡ್ಡೆಯನ್ನು ಹಿತ್ತಲಿಗೆ ಎಸೆದು ಕೈತೊಳೆದುಕೊಳ್ಳಲಿಲ್ಲ. (ಎಸೆದಿದ್ದರೂ ಅದು ಅಲ್ಲೇ ಚಿಗುರಿ ಮತ್ತೆ ಎದುರಾಗುತ್ತಿತ್ತು, ಆ ಮಾತು ಬೇರೆ.) ಹೆಚ್ಚುವ ಮುಂಚೆ ಕೈಗೆ ಎಣ್ಣೆ ಸವರಿಕೊಂಡರು, ಹುಣಸೆಹುಳಿ ಹಿಂಡಿದರು, ಹುಳಿಮಜ್ಜಿಗೆಯಲ್ಲಿ ನೆನೆಸಿದರು, ಮೆತ್ತಗಾಗುವಂತೆ ಬೇಯಿಸಿದರು. ಕೆಸುವಿನೆಲೆಯ ಪತ್ರೊಡೆಗೆ ಹುಳಿ ಕಡಿಮೆಯಾದರೆ ಏನಾಗುತ್ತದೆಂದು ಕರಾವಳಿಯ ಯಾವ ಗಂಟಲನ್ನು ಕೇಳಿದರೂ ಸಾಕ್ಷಿ ಸಿಗುತ್ತದೆ. ತುರಿಸದ ಟೊಮೆಟೊ ಸಾರಿಗೂ ಹುಳಿ ಹಿಂಡುತ್ತೇವಲ್ಲ ಎಂದು ಕುತರ್ಕ ತೆಗೆಯುವವರಿಗೆ ಉತ್ತರ ಇಷ್ಟೇ: ಅದು ಅಭ್ಯಾಸಬಲ.

ಇದಕ್ಕೆ ವಿರುದ್ಧ ನಿದರ್ಶನ ಆಲೂಗಡ್ಡೆ. ಆಂಡಿಸ್ ಬೆಟ್ಟಗಳಿಂದ ಹೊರಟು ಯುರೋಪಿನವರ ಹಡಗಿನಲ್ಲಿ ಬಂದ ಈ ಸಾಧು ಗಡ್ಡೆ ಹೆಚ್ಚುವವರ ಕೈಯನ್ನು ತುರಿಸುವುದಿಲ್ಲ. ಪರಿಣಾಮವಾಗಿ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಚಿಪ್ಸಾಗಿ ಸಾರಜನಕ ತುಂಬಿದ ಪೊಟ್ಟಣ ಸೇರಿತು. ಮರಗೆಣಸೂ ದಕ್ಷಿಣ ಅಮೆರಿಕದ್ದೇ, ಅದೂ ತುರಿಸುವುದಿಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ನಿಜ. ಆದರೆ ಹಸಿ ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ಸಿಪ್ಪೆ ಸುಲಿದು, ಬೇಯಿಸಿ, ಆ ನೀರು ಬಸಿಯಬೇಕು. ತುರಿಕೆಯಷ್ಟಕ್ಕೇ ತೃಪ್ತಿಪಡದೆ ಪ್ರಾಣಕ್ಕೇ ಕೈಹಾಕುವ ಗೆಣಸು ಸಿದ್ಧಾಂತವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಇನ್ನು ಗೋಲಿಗಾತ್ರದ ಸಾಂಬ್ರಾಣಿ ಗಡ್ಡೆ. ಒಂದೊಂದರ ಸಿಪ್ಪೆ ಹೆರೆಯುತ್ತ ಕೂತರೆ ಸಂಜೆಯಾಗುತ್ತದೆ. ಗೋಣಿಚೀಲಕ್ಕೆ ತುಂಬಿ ನೆಲಕ್ಕೆ ಬಡಿದು ಸಿಪ್ಪೆ ಬಿಡಿಸುವ ಉಪಾಯ ಹುಟ್ಟಿದ್ದು ಆ ಬೇಸರದಿಂದಲೇ. ಇದನ್ನು ಮಾನಸಿಕ ತುರಿಕೆ ಎಂದು ವರ್ಗೀಕರಿಸಲಾಗಿದೆ.

ಎಣ್ಣೆಯಲ್ಲಿ ಕರಿದ ಮೇಲೆ ಸುವರ್ಣಗಡ್ಡೆಯೂ ಒಂದೇ ಆಲೂಗಡ್ಡೆಯೂ ಒಂದೇ ಎಂಬ ಆರೋಗ್ಯವಾದಿಗಳ ವಾದವನ್ನು ಮಾತ್ರ ಒಪ್ಪಲೇಬೇಕು. ಆದ್ದರಿಂದ ಬಾಣಲೆ ಬೇಡ, ಕಾವಲಿ ಸಾಕು. ಸುವರ್ಣಗಡ್ಡೆಯನ್ನು ಅರ್ಧ ಬೆರಳು ದಪ್ಪಕ್ಕೆ ಹೆಚ್ಚಿ, ಹುಣಸೆನೀರು, ಅರಿಸಿನ, ಉಪ್ಪು ಹಾಕಿ ಮುಕ್ಕಾಲು ಬೇಯಿಸಿ, ನೀರು ಬಸಿಯಿರಿ. ಖಾರದಪುಡಿ, ಇಂಗು ಸವರಿ, ಅಕ್ಕಿಹಿಟ್ಟು ಬೆರೆಸಿದ ಸಣ್ಣ ರವೆಯಲ್ಲಿ ಹೊರಳಿಸಿ, ಎರಡು ಚಮಚ ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಗೆ ಬಿಡಿ. ಅಂಚು ಕೆಂಪಗಾಗಿ, ರವೆ ಗರಿಗರಿಯಾಗಿ, ಒಳಗೆ ಬೆಣ್ಣೆಯಂತಾದಾಗ ತೆಗೆಯಿರಿ. ಇಂಥ ಗಡ್ಡೆಗಳು ಎಲ್ಲಿ ಸಿಗುತ್ತವೆ ಎಂಬ ಪ್ರಶ್ನೆಗೆ ಉತ್ತರ ಕನ್ನಡದ ಜೋಯಿಡಾ ಉತ್ತರ ಕೊಟ್ಟಾಗಿದೆ: ಅಲ್ಲಿನ ಕುಣಬಿ ಸಮುದಾಯದವರು ಬಗೆಬಗೆಯ ಗಡ್ಡೆಗಳನ್ನು ಬೆಳೆದು, ಗಡ್ಡೆಗೆಣಸಿನ ಮೇಳವನ್ನೇ ಮಾಡುತ್ತಾರೆ. ಕಿಡ್ನಿಯಲ್ಲಿ ಕಲ್ಲಾದವರಿಗೆ ಮಾತ್ರ ಈ ಸಿದ್ಧಾಂತ ಅನ್ವಯಿಸುವುದಿಲ್ಲ. ಅವರು ಆಕ್ಸಲೇಟಿನ ಚರ್ಚೆಯನ್ನು ತಮ್ಮ ವೈದ್ಯರೊಡನೆಯೇ ನಡೆಸತಕ್ಕದ್ದು.