ಮಾವನ ಪಡಸಾಲೆಯ ಸಮುದ್ರ

ಯಾದಗಿರಿ ಮಂದಿಗೆ ಸಮುದ್ರ ಅಂದರೆ ರೈಲು ಹಳಿಯ ಎರಡು ತುದಿ. ಈ ಕಡೆ ಕೊನೆತನಕ ಹೋದರೆ ಮುಂಬೈ, ಆ ಕಡೆ ಹೋದರೆ ಚೆನ್ನೈ. ಎರಡೂ ಕಡೆ ಉಪ್ಪುನೀರು. ನಡುವೆ ನಾವು, ಬೋರ್‌ವೆಲ್ಲಿನ ಗಡಸುನೀರು ಕುಡಿದುಕೊಂಡು ಕೂತವರು. ಮೀನು ಅಂದರೆ ನಮಗೆ ಕೃಷ್ಣೆಯದು, ಭೀಮೆಯದು. ಇಂಥದ್ದರಲ್ಲಿ ಶಹಾಪುರದ ನಮ್ಮ ಮಾವ ಪಡಸಾಲೆಯಲ್ಲೇ ಸಮುದ್ರ ಸಾಕಲು ಹೊರಟರು. ಸುರಪುರದ ಬೀಗರು ಬಂದರೆ ಈಗ ಮಲಗಿದ ಬುದ್ಧನಂತೆ ಕಾಣುವ ಊರ ಗುಡ್ಡದ ಕಡೆ ತಿರುಗಿಯೂ ನೋಡುವುದಿಲ್ಲ, ನೇರ ಗಾಜಿನ ತೊಟ್ಟಿಯ ಮುಂದೆ.

ಹೆಬ್ಬೆರಳಷ್ಟು ಉದ್ದ, ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ. 2003ರ ‘ಫೈಂಡಿಂಗ್ ನೀಮೋ’ ಸಿನಿಮಾದ ಅದೇ ಕ್ಲೌನ್ ಮೀನು.

"ಮಾವ, ಇವು ತಿನ್ಲಾಕ ಬರ್ತಾವೇನ್ರಿ?"

"ಬಾಯಿ ಮುಚ್ಚೋ ಅಳಿಯಾ! ಇವು ಬಲಿ ಹಾಕಿ ತಂದವಲ್ಲ, ತೊಟ್ಟಿಯಾಗ ಹುಟ್ಟಿದವು. ನಿನ್ನಂಗ ಇವೂ ಸಮುದ್ರ ನೋಡಿಲ್ಲ."

ಮಾತು ಸುಳ್ಳಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆ ಸಯನೈಡ್ ಚಿಮ್ಮಿಸಿ ಮಂಪರು ಹತ್ತಿಸಿ ಮೀನು ಹಿಡಿಯುವ ಕೆಟ್ಟ ಚಾಳಿಯುಂಟು; ಹವಳವೂ ಜತೆಗೇ ಸಾಯುತ್ತದೆ. ಕಡಲಿಂದ ಹಿಡಿದು ತಂದ ಮೀನು ಎಷ್ಟೋ ಸಲ ಮೂಲೆ ಹಿಡಿದು ಉಪವಾಸ ಕೂರುತ್ತದೆ. ತೊಟ್ಟಿಯಲ್ಲಿ ಹುಟ್ಟಿದ್ದೋ, ಒಣ ಕಾಳು ಉದುರಿಸಿದರೆ ಮದುವೆಯ ಮೊದಲ ಪಂಕ್ತಿಗೆ ನುಗ್ಗುವವರ ಹಾಗೆ ಮುಗಿಬೀಳುತ್ತದೆ. ನಮ್ಮ ದೇಶದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳೇ ಕೇರಳದ ವಿಳಿಂಜಂ, ತಮಿಳುನಾಡಿನ ಮಂಡಪಂಗಳಲ್ಲಿ ಇವನ್ನು ಮರಿ ಮಾಡಿಸಿದ್ದಾರೆ.

ಇನ್ನು ಉಪ್ಪಿನ ಪುರಾಣ. ಲೀಟರಿಗೆ ಸುಮಾರು 35 ಗ್ರಾಂ. ನೂರು ಲೀಟರಿಗೆ ಮೂರೂವರೆ ಕಿಲೋ. ಅತ್ತಿ ಪಾಪ, ಅಡಿಗೆಮನೆಯ ಉಪ್ಪಿನ ಪಾಕೀಟು ತಂದಿಟ್ಟರು. ಅದು ನಡೆಯದು. ಮೆಗ್ನೀಷಿಯಂ, ಕ್ಯಾಲ್ಸಿಯಂ ಎಲ್ಲ ಕೂಡಿದ ಬೇರೆ ಉಪ್ಪೇ ಬೇಕು, ಅದನ್ನು ಆರ್‌ಓ ನೀರಲ್ಲೇ ಕರಗಿಸಬೇಕು. ಆಮೇಲೂ ಮೀನು ಬಿಡುವ ಹಾಗಿಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು ತಿಂಗಳೊಪ್ಪತ್ತು ಬರೀ ನೀರು ತಿರುಗುತ್ತಿರಬೇಕು. ಆ ದಿನಗಳಲ್ಲಿ ಖಾಲಿ ನೀರು ದಿಟ್ಟಿಸುತ್ತ ಕೂತ ಮಾವನ ಬಗ್ಗೆ ಓಣಿಯಲ್ಲಿ ಹುಟ್ಟಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಬೇಸಿಗೆ ಬಂತು. ಹೊರಗೆ 42 ಡಿಗ್ರಿ, ಮೀನಿಗೆ ಬೇಕಾದ್ದು 26ರ ಆಸುಪಾಸು. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನಮ್ಮ ಒಣ ಹವೆಗೆ ಒಂದಿಷ್ಟು ತಂಪಾಗುತ್ತದೆ. ಆದರೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ದಿನಾ ಸಪ್ಪೆನೀರನ್ನೇ ಸುರಿಯಬೇಕು. ಫ್ಯಾನ್ ಸಾಲದಾಯಿತು. ಮಗಳು ಅತ್ತು ಕರೆದರೂ ಬಾರದ ಎಸಿ, ಮೀನು ಬಾಯಿ ಬಿಡದೆಯೇ ಬಂತು.

ಮಾವ ಒಂದು ಸಂಗತಿ ಮಾತ್ರ ಯಾರಿಗೂ ಹೇಳಿರಲಿಲ್ಲ. ಈ ಮೀನಿನ ಮನೆಯಲ್ಲಿ ಯಜಮಾನಿಕೆ ಹೆಣ್ಣಿನದು. ಮೊದಲು ಎಲ್ಲವೂ ಗಂಡೇ; ಗುಂಪಿನ ದೊಡ್ಡ ಮೀನು ಹೆಣ್ಣಾಗುತ್ತದೆ, ಅದು ಸತ್ತರೆ ಅದರ ಗಂಡನೇ ಹೆಣ್ಣಾಗಿ ಗಾದಿ ಏರುತ್ತಾನೆ. ಅಲ್ಲಿಯತನಕ ಮೊಟ್ಟೆಗೆ ರೆಕ್ಕೆ ಬೀಸುತ್ತ ಕಾಯುವ ಕೆಲಸ ಬಹುಪಾಲು ಅವನದೇ. ಅತ್ತಿಯ ಕಿವಿಗೆ ಇದನ್ನು ಹಾಕಿದ ಪುಣ್ಯ ನನ್ನದು.

"ಹೌದೇನು? ಹಂಗಾದ್ರ ನಾಳಿಂದ ರೊಟ್ಟಿ ಬಡಿಯೋ ಪಾಳಿ ನಿಮ್ಮ ಮಾವಂದು" ಅಂದರು ಅತ್ತಿ.