ಕೆಟ್ಟರೂ ನಮ್ಮ ಗಾಡಿ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಯಾರ ಮನೆಯ ಜಗಲಿಯಲ್ಲಿ ಬೇಕಾದರೂ ಕೂತು ರಾಜಕೀಯ ಮಾತಾಡಬಹುದು. ಅಕ್ಕಪಕ್ಕದಲ್ಲಿದ್ದುಕೊಂಡು ರಾಜ್ಯಕ್ಕೆ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಕೊಟ್ಟ ತಾಲ್ಲೂಕುಗಳು ಇವು. ಬೈದೂ ಬೈಸಿಕೊಂಡೂ ಎಲ್ಲರಿಗೂ ಅಭ್ಯಾಸವಾಗಿದೆ. ಬಂಗಾರಪ್ಪನವರು 1967ರಲ್ಲಿ ಸೊರಬದಿಂದ ಮೊದಲ ಸಲ ಗೆದ್ದ ಮೇಲೆ ಎಷ್ಟು ಪಕ್ಷ ಸೇರಿದರು, ಎಷ್ಟು ಕಟ್ಟಿದರು ಎಂದು ಬೆರಳು ಮಡಚಲು ಹೊರಟವರಿಗೆ ಎರಡನೇ ಕೈಯೂ ಬೇಕಾಗುತ್ತದೆ. ಜನ ಮಾತ್ರ ಚಿಹ್ನೆ ನೋಡದೆ ಅವರ ಹಿಂದೆ ಹೋದರು. ಯಡಿಯೂರಪ್ಪನವರು 2013ರಲ್ಲಿ ಕಮಲ ಬಿಟ್ಟು ತೆಂಗಿನಕಾಯಿ ಹಿಡಿದು ಬಂದಾಗಲೂ ಶಿಕಾರಿಪುರ ಅವರನ್ನೇ ಗೆಲ್ಲಿಸಿತು. ಪಕ್ಷದ ವಿಷಯದಲ್ಲಿ ಇಷ್ಟು ಉದಾರಿಗಳಾದ ನಮ್ಮ ಜನ ಪಿಕಪ್ ಗಾಡಿಯ ಕಂಪನಿಯ ಮಾತು ಬಂತೆಂದರೆ ಪಂಚೆ ಎತ್ತಿ ಕಟ್ಟುತ್ತಾರೆ.

ಇದರ ಬಿಸಿ ನನಗೆ ತಟ್ಟಿದ್ದು ನೆಂಟಸ್ತನದ ಮೂಲಕ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಸೊರಬದ ಹತ್ತಿರದವರು. ಅಡಿಕೆ ತೋಟ, ಒಂದಿಷ್ಟು ಗದ್ದೆ, ಒಂದು ಪಿಕಪ್. ನನ್ನ ಷಡ್ಡಕ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಕಡೆಯವನು. ಮೆಕ್ಕೆಜೋಳ, ಶುಂಠಿ, ಅವನಿಗೂ ಒಂದು ಪಿಕಪ್. ಒಬ್ಬರದು ಒಂದು ಕಂಪನಿ, ಇನ್ನೊಬ್ಬರದು ಇನ್ನೊಂದು. ಯಾರದು ಯಾವುದು ಎಂದು ಬರೆಯುವ ಧೈರ್ಯ ನನಗಿಲ್ಲ. ಬರೆದರೆ ಎರಡರಲ್ಲಿ ಒಂದು ಮನೆಯಲ್ಲಿ ದೀಪಾವಳಿಯ ಹೋಳಿಗೆ ತಪ್ಪುತ್ತದೆ. ಎರಡೂ ಕಡೆ ತಪ್ಪುವ ಸಂಭವವೇ ಹೆಚ್ಚು.

ವಾದದ ಕಾನೂನು ಮಾತ್ರ ಇಬ್ಬರಿಗೂ ಒಂದೇ. ನಮ್ಮ ಗಾಡಿ ಕೆಟ್ಟರೆ ಡ್ರೈವರ್ ಸರಿಯಿಲ್ಲ, ಡೀಸೆಲ್ ಕಲಬೆರಕೆ, ರಸ್ತೆ ಹಾಳು, ಹೊರಟದ್ದು ರಾಹುಕಾಲದಲ್ಲಿ. ಅವರ ಗಾಡಿ ಕೆಟ್ಟರೆ ಕಂಪನಿಯೇ ಸರಿಯಿಲ್ಲ. ನಮ್ಮದು ಸದ್ದು ಮಾಡಿದರೆ ಇಂಜಿನ್ನಿನಲ್ಲಿ ದಮ್ಮಿದೆ; ಅವರದು ಸದ್ದು ಮಾಡಿದರೆ ಬೋರಿಗೆ ಬಂದಿದೆ. ಒಮ್ಮೆ ಭಾವನ ಗಾಡಿ ಹಸಿ ಅಡಿಕೆಯ ಕೊನೆ ಹೇರಿಕೊಂಡು ಏರಿನ ನಡುವೆ ನಿಂತುಬಿಟ್ಟಿತು. ಏನಾಯಿತು ಭಾವ, ಎಂದೆ. “ಎಂತ ಆಗಿಲ್ಲ ಮಾರಾಯ. ಬೆಳಗಿಂದ ಓಡಿದೆ, ಅದಕ್ಕೂ ಸ್ವಲ್ಪ ಉಸಿರು ಬೇಡವಾ?” ಎಂದರು, ಇಂಜಿನ್ನಿನಿಂದ ಏಳುತ್ತಿದ್ದ ಹಬೆಯನ್ನು ಟವೆಲ್ಲಿನಿಂದ ಬೀಸಿ ಓಡಿಸುತ್ತ. ಷಡ್ಡಕನ ಗಾಡಿ ಶುಂಠಿ ಹೊಲದ ಕೆಸರಿನಲ್ಲಿ ಅಚ್ಚಿನ ತನಕ ಹೂತಾಗ ಅವನ ತೀರ್ಪು ಇನ್ನೂ ಚಿಕ್ಕದು: “ಗಾಡಿದೇನು ತಪ್ಪೈತಿ? ಭೂಮಿ ಮೆತ್ತಗೈತಿ.”

ಈ ಭಕ್ತಿಗೆ ಚರಿತ್ರೆಯೂ ಇದೆ. ಮಲೆನಾಡಿನ ತೋಟದವರಿಗೆ ಮೊದಲು ಬಂದದ್ದು ಜೀಪು. ಯುದ್ಧಕ್ಕೆಂದು ಹುಟ್ಟಿದ ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ ಸ್ವಾತಂತ್ರ್ಯ ಬಂದ ಕಾಲದಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಅದು ನಮ್ಮ ಕಡೆ ಅಡಿಕೆ ಮೂಟೆ, ಗೊಬ್ಬರ, ಮದುವೆಯ ದಿಬ್ಬಣ, ಹೆರಿಗೆ ನೋವಿನ ಹೆಂಗಸರು ಎಲ್ಲವನ್ನೂ ಹೊತ್ತಿತು. ಆಮೇಲೆ ಬಜಾಜ್ ಟೆಂಪೊದವರ ಮೆಟಡೋರ್ ಬಂತು, 1986ರಲ್ಲಿ ಟಾಟಾ 407 ಬಂತು. ಅವು ಸಾಹುಕಾರರ, ಮಂಡಿಯವರ ಗಾಡಿಗಳು. ಸಣ್ಣ ಹಿಡುವಳಿಯವನೂ ಗಾಡಿಯ ಯಜಮಾನ ಅನ್ನಿಸಿಕೊಂಡದ್ದು 2005ರಲ್ಲಿ ಟಾಟಾ ಏಸ್ ಬಂದ ಮೇಲೆ: ಎರಡು ಸಿಲಿಂಡರು, 702 ಸಿಸಿ, 16 ಅಶ್ವಶಕ್ತಿ, ಹೊರುವುದು ಮುಕ್ಕಾಲು ಟನ್. 2011ರಲ್ಲಿ ಅಶೋಕ್ ಲೇಲ್ಯಾಂಡಿನವರು ನಿಸ್ಸಾನ್ ಜತೆ ಸೇರಿ ಒಂದೂಕಾಲು ಟನ್ನಿನ ದೋಸ್ತ್ ತಂದರು. ಬೊಲೆರೊ ಪಿಕಪ್ಪು 1.3 ಟನ್, 1.7 ಟನ್ ಎಂದು ಬೆಳೆದು 2023ರಲ್ಲಿ ಮ್ಯಾಕ್ಸ್ ಹೆಸರಿನಲ್ಲಿ 2 ಟನ್ನಿಗೆ ಮುಟ್ಟಿತು. ಈ ಟನ್ನುಗಳೆಲ್ಲ ಕಾಗದದವು. ನಮ್ಮಲ್ಲಿ ಗಾಡಿ ಮನೆಗೆ ಬಂದು ಪೂಜೆಯ ಕುಂಬಳಕಾಯಿ ಒಣಗುವ ಮೊದಲೇ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಬಿದ್ದಿರುತ್ತವೆ. ಆಮೇಲೆ ಎಷ್ಟು ಹೇರಬೇಕು ಎಂಬುದನ್ನು ನಿರ್ಧರಿಸುವುದು ಕಂಪನಿಯ ಇಂಜಿನಿಯರಲ್ಲ, ಮೇಲೆ ನಿಂತು ಮೂಟೆ ಜೋಡಿಸುವ ಹಮಾಲಿ. ಅವನು “ಇನ್ನೂ ಜಾಗ ಐತೆ” ಅನ್ನುವ ತನಕ ಲೋಡು ಮುಗಿಯುವುದಿಲ್ಲ.

ಗಾಡಿಯ ಮೂತಿಯ ಮೇಲೆ ಕಂಪನಿಯ ಹೆಸರು ಸಣ್ಣದಾಗಿರುತ್ತದೆ. ಗಾಜಿನ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಸೊರಬದ ಕಡೆಯವಕ್ಕೆ ಚಂದ್ರಗುತ್ತಿಯ ರೇಣುಕಾಂಬೆ, ಶಿಕಾರಿಪುರದವಕ್ಕೆ ಹುಚ್ಚರಾಯಸ್ವಾಮಿ. ವಾರಂಟಿ ಮುಗಿದ ಮೇಲಿನ ವರ್ಷಗಳ ಜವಾಬ್ದಾರಿ ಯಾರದೆಂಬುದು ಇದರಿಂದ ಸ್ಪಷ್ಟ. ಸರಕಾರಕ್ಕೂ ಇದು ಗೊತ್ತಿರಬೇಕು. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ ಕೇಳುವ ಆರ್‌ಟಿಒ ಆಮೇಲೆ ವರ್ಷ ವರ್ಷವೂ ಕೇಳುತ್ತದೆ. ಎಫ್‌ಸಿಯ ಹಿಂದಿನ ವಾರ ಗಾಡಿ ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ಕಾಣುತ್ತದೆ: ಹೊಸ ಪೇಂಟು, ಹೊಳೆಯುವ ಟೇಪು, ವರ್ಷವಿಡೀ ನಾಪತ್ತೆಯಾಗಿದ್ದ ಇಂಡಿಕೇಟರು ಕೂಡ ಬಂದು ಕೂತಿರುತ್ತದೆ.

ನಿಷ್ಠೆ ನೆತ್ತಿಗೇರುವುದು ದೀಪಾವಳಿ ಕಳೆದ ಮೇಲೆ, ಹೋರಿ ಬೆದರಿಸುವ ಹಬ್ಬದಲ್ಲಿ. ಮೈಮೇಲೆ ಜೂಲು, ಕೊರಳಿಗೆ ಕೊಬ್ಬರಿ ಸರ, ಕೊಂಬಿನ ತುದಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ಓಡಬೇಕು. ಕೊಬ್ಬರಿ ಯಾರ ಕೈಗೂ ಸಿಗದಿದ್ದರೆ ಹೋರಿ ಗೆದ್ದಂತೆ. ಈ ಹೋರಿಗಳಿಗೆ ಸಿನಿಮಾ ನಟರಿಗಿರುವಷ್ಟೇ ಹೆಸರು, ಬ್ಯಾನರು, ಒಂದೇ ಬಣ್ಣದ ಅಂಗಿ ತೊಟ್ಟ ಅಭಿಮಾನಿ ಹುಡುಗರು. ಅವು ಊರಿಂದೂರಿಗೆ ಹೋಗುವುದು ಪಿಕಪ್ಪಿನಲ್ಲಿ. ಹೀಗೆ ಒಮ್ಮೆ ಷಡ್ಡಕನ ಗಾಡಿಯಲ್ಲಿ ಬಂದಿಳಿದ ಹೋರಿಯೊಂದು ಅಖಾಡದ ಈ ತುದಿಯಿಂದ ಆ ತುದಿಗೆ ಯಾರ ಕೈಗೂ ಸಿಗದೆ ಹಾರಿತು. “ನೋಡ್ರಿ ಭಾವನೋರೆ, ನಮ್ಮ ಗಾಡ್ಯಾಗ ಕುಲುಕಾಟ ಇಲ್ಲ. ಅದಕ್ಕ ಹೋರಿ ಕಾಲು ಗಟ್ಟಿ ಅದಾವು” ಎಂದ ಷಡ್ಡಕ. ಭಾವ ಎಲೆಯಡಿಕೆ ಉಗಿದು ಬಂದು ನಿಧಾನವಾಗಿ ಹೇಳಿದರು: “ತಮ್ಮಾ, ಮತ್ತೆಲ್ಲಿ ಆ ಗಾಡಿಗೆ ಹತ್ತಿಸ್ತಾರೋ ಅಂತ ಹೆದರಿ ಓಡಿದ್ದು ಅದು.”

ಇದು ನಮ್ಮೂರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್ಪು 1977ರಿಂದ ಅಲ್ಲಿನ ಟ್ರಕ್ಕುಗಳಲ್ಲೇ ಹೆಚ್ಚು ಮಾರಾಟವಾಗುತ್ತ ಬಂದಿದೆ. ಷೆವರ್ಲೆಯವರು ಇದನ್ನು ಒಪ್ಪಿ ಸುಮ್ಮನಾಗಿಲ್ಲ. ಎದುರಾಳಿ ಕಂಪನಿಯ ಲಾಂಛನದ ಮೇಲೆ ತುಂಟ ಹುಡುಗನೊಬ್ಬ ಮೂತ್ರ ಮಾಡುತ್ತಿರುವ ಸ್ಟಿಕ್ಕರನ್ನು ಗಾಜಿಗೆ ಅಂಟಿಸಿಕೊಂಡು ಅಲ್ಲಿಯ ದೊಡ್ಡ ದೊಡ್ಡ ಮನುಷ್ಯರೇ ಓಡಾಡುತ್ತಾರೆ. ಟೆಕ್ಸಾಸಿನಲ್ಲಿರುವ ನಮ್ಮ ನೆಂಟರ ಹುಡುಗ ತನ್ನ ಹೊಸ ಪಿಕಪ್ಪನ್ನು ಭಾವನಿಗೆ ಮೊಬೈಲಿನಲ್ಲಿ ತೋರಿಸಿದ. ಗಾಡಿ ಪರದೆಯಲ್ಲಿ ಹಿಡಿಸುತ್ತಲೇ ಇರಲಿಲ್ಲ. “ಎಂತ ಹೇರ್ತೀಯೋ ಇದರಲ್ಲಿ?” ಎಂದು ಭಾವ ಕೇಳಿದರು. “ಏನಿಲ್ಲ ಮಾವ, ಆಫೀಸಿಗೆ ಹೋಗಿ ಬರ್ತೀನಿ.” ಭಾವ ಆ ದಿನವೆಲ್ಲ ಮಂಕಾಗಿದ್ದರು. ಖಾಲಿ ಓಡುವ ಗಾಡಿಗೆ ಯಾವ ಕಂಪನಿಯಾದರೇನು ಎಂಬುದು ಅವರ ಸಂಕಟ.

ಗಟ್ಟಿತನಕ್ಕೆ ಜಗತ್ತು ಕೈಮುಗಿಯುವುದು 1968ರಲ್ಲಿ ಹುಟ್ಟಿದ ಟೊಯೊಟಾ ಹೈಲಕ್ಸಿಗೆ. 2003ರಲ್ಲಿ ಬಿಬಿಸಿಯ ಕಾರ್ಯಕ್ರಮವೊಂದರಲ್ಲಿ ಹಳೆಯ ಹೈಲಕ್ಸ್ ಒಂದನ್ನು ಸಮುದ್ರದ ಉಬ್ಬರಕ್ಕೆ ಬಿಟ್ಟರು, ಬೆಂಕಿ ಹಚ್ಚಿದರು, ಕೆಡವಲಿದ್ದ ಬಹುಮಹಡಿ ಕಟ್ಟಡದ ನೆತ್ತಿಯ ಮೇಲಿಟ್ಟು ಕಟ್ಟಡವನ್ನೇ ಉರುಳಿಸಿದರು. ಆಮೇಲೂ ಅದು ಸ್ಟಾರ್ಟ್ ಆಯಿತು. ಆ ಹೈಲಕ್ಸಿನ ಹೊಸ ತಲೆಮಾರು 2022ರಿಂದ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಸಿದ್ಧವಾಗುತ್ತಿದೆ. ಬಂದಾಗಲೇ ಅದರ ಬೆಲೆ 30 ಲಕ್ಷ ದಾಟಿತ್ತು. ಇಷ್ಟನ್ನೂ ನಾನು ವಿವರಿಸಿದಾಗ ಷಡ್ಡಕ ಕೇಳಿದ್ದು ಎರಡೇ ಮಾತು: “ಎಲ್ಲಾ ಸರಿ, ಶಿರಾಳಕೊಪ್ಪದಾಗ ಅದರ ಕ್ಲಚ್ ಪ್ಲೇಟು ಸಿಗ್ತೈತೇನು? ಮತ್ತ ಅದನ್ನ ಬಿಚ್ಚೋರು ಯಾರು?”

ಬಿಬಿಸಿಯವರು ಮಾಡದಿದ್ದ ಪರೀಕ್ಷೆ ಇದೊಂದೇ. ನಮ್ಮ ಜನ ಒಳ್ಳೆಯ ಗಾಡಿ ಅನ್ನುವುದು ಕೆಡದ ಗಾಡಿಗಲ್ಲ. ಕೆಟ್ಟರೆ ಏನು ಕೆಟ್ಟಿದೆಯೆಂದು ತಿಳಿಯಬೇಕು, ಬೇಕಾದ ಸಾಮಾನು ಪೇಟೆಯಲ್ಲೇ ಸಿಗಬೇಕು, ಸಂಜೆಯೊಳಗೆ ಮತ್ತೆ ಲೋಡಿಗೆ ನಿಲ್ಲಬೇಕು. ಊರಿನಲ್ಲಿ ಒಂದು ಕಂಪನಿಯ ಗಾಡಿ ಹತ್ತಾದವೆಂದರೆ ಅಂಗಡಿಯವನು ಅದರ ಸಾಮಾನು ತರಿಸಿಡುತ್ತಾನೆ. ಸಾಮಾನು ಸಿಗುತ್ತದಲ್ಲ ಎಂದು ಹನ್ನೊಂದನೆಯವನೂ ಅದನ್ನೇ ಕೊಳ್ಳುತ್ತಾನೆ. ಕೊಂಡ ಮೇಲೆ, ಕಂತು ಕಟ್ಟುವ ಕೈ ನಡುಗದಿರಲಿ ಎಂದು, ತನ್ನ ಕಂಪನಿಯ ಗುಣಗಾನ ಶುರು ಮಾಡುತ್ತಾನೆ. ಅಡಿಕೆ ಕೊಯ್ಲಿನ ಖೇಣಿದಾರ ಗಾಡಿಗೆ ಕಾಯುತ್ತ ತೋಟದಲ್ಲಿ ನಿಂತಿರುವಾಗ ಸಮುದ್ರದಲ್ಲಿ ಮುಳುಗೆದ್ದ ಕೀರ್ತಿಯಿಂದ ಏನೂ ಆಗುವುದಿಲ್ಲ.

ಇನ್ನೊಂದು ಗುಟ್ಟು. ಭಾವ, ಷಡ್ಡಕ ಇಬ್ಬರ ಗಾಡಿಯೂ ಕೆಟ್ಟಾಗ ಹೋಗುವುದು ಸೊರಬ ರಸ್ತೆಯ ಒಂದೇ ಗ್ಯಾರೇಜಿಗೆ. ಅಲ್ಲಿಯ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು “ನಾಜಲ್” ಅನ್ನುತ್ತಾರೆ, ನಾಜಲ್ಲೇ ಆಗಿರುತ್ತದೆ. ಎರಡು ಕಂಪನಿಗಳಲ್ಲಿ ಯಾವುದು ವಾಸಿ ಎಂದು ನಾನೊಮ್ಮೆ ಗುಟ್ಟಾಗಿ ಕೇಳಿದೆ. “ನನಗೆ ಎರಡೂ ಬೇಕು ಸರ್. ಮನೇಲಿ ಇಬ್ಬರು ಮಕ್ಕಳ ಫೀಸು ಕಟ್ಟಬೇಕು” ಎಂದರು. ಅವರು ಓಡಾಡುವುದು ಒಂದು ಹಳೆಯ ಟಿವಿಎಸ್ ಎಕ್ಸ್‌ಎಲ್‌ನಲ್ಲಿ.

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಈ ಮೇಸ್ತ್ರಿಗೂ ಇಕ್ಕಟ್ಟು. ಹೊಸ ಗಾಡಿಗಳ ತುಂಬ ಸೆನ್ಸರುಗಳು. ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಸ್ಕ್ರೂಡ್ರೈವರ್ ಇಟ್ಟು ಕೇಳಲು ಅಲ್ಲಿ ಏನೂ ಇಲ್ಲ. ಸ್ಕ್ಯಾನರ್ ಹಿಡಿದ ಹುಡುಗ ಬಂದು, ತಂತಿ ಸಿಕ್ಕಿಸಿ, ಒಂದು ನಂಬರು ಓದಿ ಹೇಳುತ್ತಾನೆ. ಭಾವನಿಗೆ ಇದು ಸರಿಬರಲಿಲ್ಲ. “ಗಾಡಿ ಕೆಟ್ಟರೆ ಕೆಡಲಿ ಮಾರಾಯ. ಲಾಟರಿ ತರ ನಂಬರು ಯಾಕೆ ಹೇಳಬೇಕು?” ಷಡ್ಡಕ ಇದಕ್ಕೆ ಗೋಣು ಹಾಕಿದ. ಅವರಿಬ್ಬರೂ ಗಾಡಿಯ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ಮನೆಯ ಹೆಂಗಸರು ಅಪಶಕುನವೆಂದೇ ಭಾವಿಸಿದರು.

ಈಗ ಅಳಿಯ, ಅಂದರೆ ಭಾವನ ಮಗ, ಹಳೆಯ ಗಾಡಿ ಕೊಟ್ಟು ಕರೆಂಟಿನ ಪಿಕಪ್ಪು ತರೋಣ ಎಂದು ಹಟ ಹಿಡಿದಿದ್ದಾನೆ. ಟಾಟಾ ಏಸಿನದೇ ಕರೆಂಟಿನ ಮಾದರಿ 2022ರಲ್ಲಿ ಬಂದಿದೆಯಲ್ಲ ಎಂದು ಮೊಬೈಲಿನಲ್ಲಿ ತೋರಿಸಿದ. ಗೇರಿಲ್ಲ, ಕ್ಲಚ್ಚಿಲ್ಲ, ನಾಜಲ್ಲಿಲ್ಲ, ಇಂಜಿನ್ ಆಯಿಲ್ಲೂ ಇಲ್ಲ ಎಂದು ಅವನು ಒಂದೊಂದೇ ಎಣಿಸುತ್ತ ಹೋದಂತೆ ಹಿರಿಯರಿಬ್ಬರ ಮುಖ ಇಳಿಯಿತು. ಇಷ್ಟೆಲ್ಲ ಇಲ್ಲದಿದ್ದ ಮೇಲೆ ಅದರಲ್ಲಿ ಕೆಡುವುದಾದರೂ ಏನು, ಬೈಯುವುದಾದರೂ ಏನನ್ನು? ಮೂವರೂ ಮೇಸ್ತ್ರಿಯ ಅಭಿಪ್ರಾಯಕ್ಕೆಂದು ಗ್ಯಾರೇಜಿಗೆ ಹೋದರು. ನಡುವೆ ಕೂರಲು ನಾನು. ಮೇಸ್ತ್ರಿ ಕೈಯ ಗ್ರೀಸನ್ನು ಬನಿಯನ್ ಚೂರಿಗೆ ಒರೆಸಿಕೊಂಡು, ತಮ್ಮ ದೊಡ್ಡ ಮಗನನ್ನು ಐಟಿಐಗೆ ಸೇರಿಸಿರುವುದಾಗಿ ಹೇಳಿದರು. ಯಾವ ಟ್ರೇಡು ಎಂದು ಷಡ್ಡಕ ಕೇಳಿದ. ಎಲೆಕ್ಟ್ರಿಷಿಯನ್, ಎಂದರು.

ಭಾವ ಅಳಿಯನ ಕೈಯಿಂದ ಮೊಬೈಲು ತೆಗೆದುಕೊಂಡು ಜೇಬಿಗಿಟ್ಟರು. “ಹಂಗಾದ್ರೆ ಎರಡು ವರ್ಷ ತಡಿ. ಹುಡುಗ ಪಾಸಾಗಲಿ. ಯಾವ ಕಂಪನಿ ಅಂತ ಆಮೇಲೆ ಜಗಳ ಆಡಿದರಾಯ್ತು.”