ಗರುಡನ ಲೆಕ್ಕದಲ್ಲಿ ಮೂರು ಹೆಚ್ಚು

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ 34 ವರ್ಷ ಕೂತು ಊರವರ ದುಡ್ಡು ಎಣಿಸಿದವನು ನಾನು. ಎಣಿಕೆಯ ವಿಷಯಕ್ಕೆ ಬಂದರೆ ನನಗೊಂದಿಷ್ಟು ಜಂಬವಿತ್ತು. ಆ ಜಂಬ ಇಳಿದದ್ದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಊರಿನ ಪಕ್ಕ, ಒಂಟಾರಿಯೊ ಸರೋವರದ ದಂಡೆಯಲ್ಲಿ. ಇಳಿಸಿದ್ದು ಒಂದು ಹದ್ದು.

ಮಗಳ ಬಾಣಂತನಕ್ಕೆಂದು ಹೋಗಿದ್ದೆವು. ಬಾಣಂತನದ ಮನೆಯಲ್ಲಿ ಗಂಡಸಿನ ಪಾಡು ಅನುಭವಸ್ಥರಿಗೆ ಗೊತ್ತೇ ಇದೆ: ನಿಂತರೂ ಅಡ್ಡ, ಕೂತರೂ ಅಡ್ಡ. ನೋಡಲಾರದೆ ಅಳಿಯ ಏಪ್ರಿಲ್ ಕೊನೆಯ ಒಂದು ಬೆಳಗ್ಗೆ, "ಮಾವ, ಇಲ್ಲೇ ಬ್ರ್ಯಾಡಕ್ ಬೇ ಅಂತಿದೆ, ವಲಸೆ ಹೋಗೋ ಹದ್ದು ಎಣಿಸ್ತಾರೆ. ಬನ್ನಿ, ಬಿಟ್ಟು ಬರ್ತೀನಿ" ಎಂದ. ಒಳಗಿನಿಂದ ನನ್ನವಳ ದನಿ ಬಂತು: "ತಾರಸಿ ಮೇಲೆ ಹಪ್ಪಳ ಕಾಯೋಕೆ ಕೂರಿಸಿದ್ರೆ ಪೇಪರ್ ಓದ್ತಾ ಅರ್ಧ ಕಾಗೆಗೆ ಕೊಟ್ಟ ಮಹಾನುಭಾವರು, ಇವರು ಹದ್ದು ಎಣಿಸ್ತಾರಂತೆ!" ಅದು ಹಪ್ಪಳವಲ್ಲ, ಸಂಡಿಗೆ. ಚರಿತ್ರೆಯನ್ನು ಹೀಗೆ ತಿರುಚಬಾರದು.

ಅಲ್ಲೊಂದು ಮರದ ಅಟ್ಟಣೆ. ನಮ್ಮ ಕಡೆ ಹೊಲದಲ್ಲಿ ಹಂದಿ ಕಾಯಲು ಕಟ್ಟುತ್ತಾರಲ್ಲ, ಅದರದೇ ಸುಧಾರಿಸಿದ ಆವೃತ್ತಿ. ಮೇಲೆ ಐದಾರು ಜನ, ಹೆಚ್ಚಿನವರು ನನ್ನ ಹಾಗೆ ನಿವೃತ್ತರು. ಕುತ್ತಿಗೆಗೆ ಬೈನಾಕ್ಯುಲರ್, ಪಕ್ಕದಲ್ಲಿ ಫ್ಲಾಸ್ಕು. ಸಂಬಳವಿಲ್ಲ, ಭತ್ಯೆಯಿಲ್ಲ, ಮೂಳೆ ಕೊರೆಯುವ ಗಾಳಿಯಂತೂ ಧಾರಾಳ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮಡಿಸುವ ಕುರ್ಚಿಯಲ್ಲಿ ಕೂತು ಆಕಾಶವನ್ನು ಅಕ್ಕಿ ಆರಿಸುವವರ ಶ್ರದ್ಧೆಯಿಂದ ನೋಡುತ್ತಿದ್ದರು.

ಹದ್ದು ಸುಮ್ಮನೆ ರೆಕ್ಕೆ ಬಡಿದು ಸುಸ್ತಾಗುವ ಜಾತಿಯಲ್ಲ. ಬಿಸಿಲಿಗೆ ನೆಲ ಕಾದು ಮೇಲೇಳುವ ಬಿಸಿಗಾಳಿಯನ್ನು ಹಿಡಿದು ಸುತ್ತುತ್ತ ಏರುತ್ತದೆ, ಮೇಲಿನಿಂದ ಜಾರುಬಂಡೆ ಆಡಿದಂತೆ ಮುಂದಕ್ಕೆ ಜಾರುತ್ತದೆ. ಖರ್ಚಿಲ್ಲದ ಪ್ರಯಾಣ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಚಳಿಗಾಲ ಕಳೆದು, ಮರಿ ಮಾಡಲು ಉತ್ತರದ ಕಾಡುಗಳಿಗೆ ಹೊರಟ ಅಗಲರೆಕ್ಕೆಯ ಗಿಡುಗಗಳಿಗೆ ಇಲ್ಲಿ ಈ ಸರೋವರ ಅಡ್ಡ ಮಲಗಿದೆ. ತಣ್ಣೀರಿನ ಮೇಲೆ ಬಿಸಿಗಾಳಿ ಏಳುವುದಿಲ್ಲ. ಹಾಗಾಗಿ ತುಂಬಿದ ಹೊಳೆ ಕಂಡು ನಾವು ಸೇತುವೆಯ ತನಕ ಸುತ್ತು ಹಾಕುವ ಹಾಗೆ ಅವೂ ದಂಡೆ ಹಿಡಿದು ಪೂರ್ವಕ್ಕೆ ತಿರುಗುತ್ತವೆ. ತೆಂಕಣ ಗಾಳಿ ಬೀಸಿದ ದಿನವಂತೂ ಸಾವಿರಗಟ್ಟಲೆ ಬಂದು ದಂಡೆಗೆ ಒತ್ತುತ್ತವೆ.

ನಾನು ಹೋದ ಅರ್ಧ ಗಂಟೆಗೆ ಯಾರೋ "ಕೆಟಲ್!" ಎಂದು ಕೂಗಿದರು. ಚಹಾ ಬಂತೆಂದು ನಾನು ಲೋಟ ಹಿಡಿದು ನಿಂತೆ. ಉಳಿದವರೆಲ್ಲ ಆಕಾಶ ನೋಡುತ್ತಿದ್ದರು. ಹದ್ದುಗಳು ಗುಂಪಾಗಿ ಗಿರಕಿ ಹೊಡೆಯುವುದಕ್ಕೆ ಅವರ ಭಾಷೆಯಲ್ಲಿ ಅದೇ ಹೆಸರಂತೆ. ನಾನು ಮುಜುಗರದಿಂದ ಲೋಟ ಇಳಿಸಿ ಕತ್ತೆತ್ತಿದೆ. ಮೋಡಕ್ಕೆ ಅಂಟಿದ ಕರಿ ಎಳ್ಳಿನಂತೆ ನೂರಾರು ಚುಕ್ಕೆ! ಬೆಳ್ಳಗಿನ ಮೋಡ ಇದ್ದದ್ದು ಪುಣ್ಯ. ಬರೀ ನೀಲಿ ಆಕಾಶದಲ್ಲಿ ಕಣ್ಣಿಗೆ ಹಿಡಿತವೇ ಸಿಗುವುದಿಲ್ಲ.

ಸುತ್ತುವ ಗುಂಪನ್ನು ಎಣಿಸಹೊರಟವನು ಕೆಟ್ಟ. ಮದುವೆಮನೆಯಲ್ಲಿ ಅಡುಗೆ ಭಟ್ಟರು ಛತ್ರದಲ್ಲಿ ಓಡಾಡುವ ತಲೆ ಎಣಿಸುತ್ತಾರೆಯೇ? ಪಂಕ್ತಿಯಲ್ಲಿ ಹಾಕಿದ ಎಲೆ ಎಣಿಸುತ್ತಾರೆ. ಇಲ್ಲಿಯೂ ಅಷ್ಟೆ. ಏರುವಷ್ಟು ಏರಿ ಮೇಲಿನಿಂದ ಸಾಲು ಹಿಡಿದು ಜಾರತೊಡಗಿದಾಗ ಎಣಿಸಬೇಕು. ನಾನು ಬ್ಯಾಂಕಿನವನೆಂದು ತಿಳಿದ ಅಜ್ಜಿ ಸಂತೋಷದಿಂದ ಎಣಿಕೆಯಂತ್ರವನ್ನು ನನ್ನ ಅಂಗೈಗೆ ಇಟ್ಟರು. ರಾಮಜಪ ಎಣಿಸಲು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದರ ಅಣ್ಣನಂಥದು. ಒತ್ತಿದರೆ ಟಿಕ್, ಒಂದು ಹಕ್ಕಿ.

ಇನ್ನೂರು ದಾಟಿತ್ತು, ಕೈಗೆ ಹುರುಪು ಬಂದಿತ್ತು. ಆಗ ಬಂತು, ಸಾಲಿಗೂ ಗುಂಪಿಗೂ ಸಂಬಂಧವಿಲ್ಲದೆ, ನಮ್ಮ ನೆತ್ತಿಯ ಮೇಲೇ. ಹಲಗೆಯಂಥ ನೀಳ ರೆಕ್ಕೆ, ಬೆಳ್ಳಗಿನ ತಲೆ. ಅಮೆರಿಕನ್ನರ ನಾಣ್ಯದ ಮೇಲಿರುವ ಬಾಲ್ಡ್ ಈಗಲ್ ಅದು. ಆದರೆ ಬಿಳಿ ತಲೆಯ ಹದ್ದು ಕಂಡರೆ ನಮ್ಮ ಕೈಗೆ ಬೇರೆ ಏನು ಗೊತ್ತು? ಗರುಡ! ಕೈ ತಾನಾಗಿ ಮುಗಿಯಿತು: ಟಿಕ್. ಕೆನ್ನೆ ಬಡಿದುಕೊಂಡೆ: ಟಿಕ್, ಟಿಕ್. ಕಣ್ಣು ಬೇರೆ ಮುಚ್ಚಿದ್ದೆ. ತೆರೆಯುವಷ್ಟರಲ್ಲಿ ಗಿಡುಗಗಳ ಸಾಲು ಮರಗಳಾಚೆ ಹೋಗಿಯಾಗಿತ್ತು.

ಬ್ಯಾಂಕಿನಲ್ಲಾದರೆ ಕಡಿಮೆ ಬಿದ್ದದ್ದನ್ನು ಜೇಬಿನಿಂದ ತುಂಬುತ್ತೇವೆ, ಹೆಚ್ಚು ಬಂದದ್ದನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಇಲ್ಲಿ ಜೇಬಿನಿಂದ ಹದ್ದು ತೆಗೆಯುವುದು ಹೇಗೆ? ತಪ್ಪೊಪ್ಪಿಕೊಂಡೆ. ಅಜ್ಜಿ ನಗಲಿಲ್ಲ. ಗಿಡುಗದ ಲೆಕ್ಕದಿಂದ ಮೂರು ಕಳೆದರು, ಈಗಲ್ ಕಾಲಮ್ಮಿನಲ್ಲಿ ಒಂದು ಬರೆದರು. ತಪ್ಪಿಹೋದವನ್ನು ಅಂದಾಜಿನಲ್ಲಿ ಸೇರಿಸೋಣವೇ ಎಂದರೆ ತಲೆ ಅಲ್ಲಾಡಿಸಿದರು. ಕಂಡದ್ದಷ್ಟೇ ಬರೆಯುವುದು. ಗಂಟೆಗೊಮ್ಮೆ ಗಾಳಿಯ ದಿಕ್ಕು, ಮೋಡ, ಉಷ್ಣಾಂಶ ಕೂಡ.

ಇಷ್ಟೊಂದು ಕಟ್ಟುನಿಟ್ಟೇ ಎಂದು ನಾನೂ ಗೊಣಗಿಕೊಂಡೆ. ಅದರ ಹಿಂದೊಂದು ಕಥೆಯಿದೆ. ಪೆನ್ಸಿಲ್ವೇನಿಯಾದ ಒಂದು ಬೆಟ್ಟದ ಮೇಲೆ ಜನ ವಲಸೆಯ ಹದ್ದುಗಳನ್ನು ಮೋಜಿಗೆಂದು ಗುಂಡಿಟ್ಟು ಉದುರಿಸುತ್ತಿದ್ದರು. 1934ರಲ್ಲಿ ರೋಸಲೀ ಎಜ್ ಎಂಬಾಕೆ ಆ ಬೆಟ್ಟವನ್ನೇ ಗುತ್ತಿಗೆ ಹಿಡಿದು ಮಾರಿಸ್ ಬ್ರೌನ್ ಎಂಬುವರನ್ನು ಕಾವಲಿಗೆ ಇಟ್ಟರು. ಕಾವಲಿನ ಜೊತೆಗೆ ಬ್ರೌನ್ ಎಣಿಸುತ್ತಲೂ ಹೋದರು. ಈಗಲ್‌ಗಳಲ್ಲಿ ಮರಿಗಳ ಪಾಲು ಕುಸಿಯುತ್ತಿದೆ ಎಂದು ಆ ಲೆಕ್ಕ ತೋರಿಸಿತು. ರೇಚೆಲ್ ಕಾರ್ಸನ್ 1962ರ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಡಿಡಿಟಿಯ ವಿರುದ್ಧ ಅದನ್ನೇ ಸಾಕ್ಷಿಗೆ ಎಳೆದರು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ನಾವು ಆ ಕಾಲಕ್ಕೆ ಊರಲ್ಲಿ ಗೋಡೆಗೆ ಡಿಡಿಟಿ ಹೊಡೆಯಲು ಬರುವ ಮಲೇರಿಯಾದವರ ಹಿಂದೆ ಕುಣಿಯುತ್ತ ಓಡುತ್ತಿದ್ದೆವು. ಆ ವಾಸನೆ ನನಗೆ ಬಹಳ ಇಷ್ಟವಿತ್ತು ಎಂದು ಅಜ್ಜಿಗೆ ಹೇಳಲು ಧೈರ್ಯ ಬರಲಿಲ್ಲ.

ನೀವೂ ಮಕ್ಕಳ ಮನೆಗೆಂದು ಆ ಕಡೆ ಹೋಗುವವರಿದ್ದರೆ ಏಪ್ರಿಲ್ ಕೊನೆಗೆ ಹೋಗಿ. ತೆಂಕಣ ಗಾಳಿಯ ದಿನ ನೋಡಿಕೊಂಡು ಅಟ್ಟಣೆ ಹತ್ತಿ. ಮಂಕಿ ಟೋಪಿ ಮರೆಯಬೇಡಿ. ಎಣಿಕೆಯಂತ್ರ ಕೈಗೆ ಕೊಟ್ಟರೆ ಹಿಡಿದುಕೊಳ್ಳಿ. ಗರುಡ ಬಂದರೆ ಮಾತ್ರ, ಮೊದಲು ಯಂತ್ರವನ್ನು ಜೇಬಿಗೆ ಹಾಕಿ, ಆಮೇಲೆ ಕೈಮುಗಿಯಿರಿ.